ಕೊಡುವ ಟೋಪಿ ತೊಡುವಂತಿರಲಿ
ಹೆಣಿಗೆ ವಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಗಿ ಚಳಿಗೆ ಮುಂಚೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೋಶಾ ಟೋಪಿಯ ಬಗ್ಗೆ. ಅದರಲ್ಲೂ ಉಬ್ಬು ತಗ್ಗಿನ ವಿನ್ಯಾಸದ ಬೆಚ್ಚನೆಯ ಟೋಪಿ ಹೆಣೆದು ಯಾರಿಗಾದರೂ ಕೊಡಬೇಕೆನ್ನುವವರೇ ಬಹಳ ಮಂದಿ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಕಸ ಗುಡಿಸಲು ಬರುವ ಪೌರಕಾರ್ಮಿಕರಿಗೆ ಉಲ್ಲನ್ ಟೋಪಿ ಹೆಣೆದು ಕೊಡಬೇಕೆಂದಿದ್ದೇವೆ. ಬುಟ್ಟಿ ಹೆಣೆದಂತೆ ಕಾಣುವ ಡಿಸೈನು ಇಷ್ಟ. ಯಾವ ಉಲ್ಲನ್, ಎಷ್ಟು ಬೇಕು, ಎಷ್ಟು ಸ್ಟಿಚ್ ಹಾಕಬೇಕು? (ವಿದ್ಯಾನಗರ, ದಾವಣಗೆರೆಯ ಓದುಗರು)

ದಿನಾ ಬಳಸುವ ಟೋಪಿಗೆ ಅಕ್ರಿಲಿಕ್ (ಕೃತಕ ನೂಲಿನ) ಉಲ್ಲನ್ನೇ ಸರಿ. ಶುದ್ಧ ಉಣ್ಣೆ ಬಿಸಿನೀರಿಗೆ ಬಿದ್ದು ಉಜ್ಜಿಸಿಕೊಂಡರೆ ಕುಗ್ಗಿ ಗಟ್ಟಿಯಾಗುತ್ತದೆ. ಕೊಟ್ಟ ಮೇಲೆ ಅದನ್ನು ಒಗೆಯುವವರು ನೀವಲ್ಲ, ಬಕೆಟ್ಟಿನಲ್ಲಿ ಉಳಿದ ಬಟ್ಟೆಯ ಜೊತೆಗೇ ನೆನೆಯುತ್ತದೆ ಎಂದುಕೊಂಡೇ ದಾರ ಆರಿಸಿ. ವರ್ಧಮಾನ್, ಓಸ್ವಾಲ್, ಗಂಗಾ ಮುಂತಾದ ಕಂಪನಿಗಳ ಅಕ್ರಿಲಿಕ್ ಉಂಡೆಗಳು ಸಾಮಾನ್ಯವಾಗಿ ಸಿಗುತ್ತವೆ. ತೆಳು ದಾರವಾದರೆ ಎರಡೆಳೆ ಜೋಡಿಸಿ 5.5 ಮಿ.ಮೀ. ಕಡ್ಡಿಯಲ್ಲಿ ಹೆಣೆಯಿರಿ. ದೊಡ್ಡವರ ಒಂದು ಟೋಪಿಗೆ ಸುಮಾರು 100 ಗ್ರಾಂ ಹಿಡಿಯುತ್ತದೆ, 120 ಗ್ರಾಂ ತಂದಿಟ್ಟುಕೊಳ್ಳಿ. ಲೇಬಲ್ಲಿನ ಮೇಲಿರುವ ಲಾಟ್ ನಂಬರು ಎಲ್ಲ ಉಂಡೆಗಳಲ್ಲೂ ಒಂದೇ ಇರಲಿ. ನಂಬರು ಬೇರೆಯಾದರೆ ಬಣ್ಣ ಅಂಗಡಿಯಲ್ಲಿ ಒಂದೇ ಎನಿಸಿದರೂ ಬಿಸಿಲಿನಲ್ಲಿ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ.

ಹೆಣೆಯುವ ಮೊದಲು ಅಳತೆಯ ತುಣುಕೊಂದು ಬೇಕೇ ಬೇಕು. ಅದನ್ನು ಸಾದಾ ಹೆಣಿಗೆಯಲ್ಲಿ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಉಬ್ಬು ಹೆಣಿಗೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ ಸ್ಟಿಚ್ಚಿನ ಸಾದಾ ಟೋಪಿಗಿಂತ ಇದು ಕಿರಿದಾಗುತ್ತದೆ, ದಾರವನ್ನೂ ಹೆಚ್ಚು ತಿನ್ನುತ್ತದೆ. 18 ಸ್ಟಿಚ್ ಅಗಲ, ಏಳೆಂಟು ಸಾಲು ಉದ್ದಕ್ಕೆ ಬುಟ್ಟಿ ಡಿಸೈನಿನಲ್ಲೇ ಹೆಣೆದು, ನೆನೆಸಿ, ಒಣಗಿಸಿ, ಎಳೆಯದೆ ಟೇಪು ಇಡಿ. ಆ 18 ಸ್ಟಿಚ್ 12.5 ಸೆಂ.ಮೀ. ಬಂತೆನ್ನಿ. ಟೋಪಿಯ ಸುತ್ತಳತೆ 50 ಸೆಂ.ಮೀ. ಬೇಕಾದರೆ 50ನ್ನು 18ರಿಂದ ಗುಣಿಸಿ 12.5ರಿಂದ ಭಾಗಿಸಿ. 72 ಬರುತ್ತದೆ. ತುಣುಕನ್ನು ತಿರುಗಿಸಿ ತಿರುಗಿಸಿ ಹೆಣೆಯುವುದರಿಂದ ಹಿಂಬದಿಯ ಸಾಲುಗಳಲ್ಲಿ ಫ್ರಂಟ್ ಪೋಸ್ಟ್ (ಉಬ್ಬಿ ಕಾಣುವ ಸ್ಟಿಚ್) ಇರಬೇಕಾದ ಕಡೆ ಬ್ಯಾಕ್ ಪೋಸ್ಟ್ (ತಗ್ಗಾಗಿ ಕಾಣುವ ಸ್ಟಿಚ್) ಬರಬೇಕು. ಇವನ್ನು ಹಾಕುವ ಬಗೆ ಮುಂದಿನ ಉತ್ತರದಲ್ಲಿದೆ. ಟೋಪಿಯನ್ನು ಸುತ್ತ ಹೆಣೆಯುವಾಗ ಈ ಅದಲುಬದಲು ಇರುವುದಿಲ್ಲ.

ಟೋಪಿಯ ಸುತ್ತಳತೆ ತಲೆಯ ಸುತ್ತಳತೆಗಿಂತ 4–5 ಸೆಂ.ಮೀ. ಕಡಿಮೆ ಇದ್ದರೇ ತಲೆಯ ಮೇಲೆ ನಿಲ್ಲುವುದು. ಹೆಂಗಸರ ತಲೆ ಸಾಮಾನ್ಯವಾಗಿ 53–57, ಗಂಡಸರದು 56–61 ಸೆಂ.ಮೀ. ಇರುತ್ತದೆ. ಆದ್ದರಿಂದ 72 ಸ್ಟಿಚ್ ಹೆಚ್ಚಿನವರಿಗೆ ಆಗುತ್ತದೆ, ದೊಡ್ಡ ತಲೆಗೆ 78 ಹಾಕಿ. ಮೂರು ಉಬ್ಬು ಮೂರು ತಗ್ಗಿನ ಈ ವಿನ್ಯಾಸಕ್ಕೆ ಲೆಕ್ಕ ಆರರಿಂದ ಭಾಗವಾಗಬೇಕು. 70 ಅಥವಾ 75 ಹಾಕಿದರೆ ಸುತ್ತಿನ ಕೊನೆಯಲ್ಲಿ ಚೌಕ ಮುರಿಯುತ್ತದೆ.

ಮ್ಯಾಜಿಕ್ ರಿಂಗಿನೊಳಗೆ (ತುದಿ ಎಳೆದರೆ ಬಿಗಿಯಾಗುವ ದಾರದ ಉಂಗುರ) 2 ಚೈನ್, 12 ಡಬಲ್ ಕ್ರೋಶಾ (ಕಡ್ಡಿಗೊಂದು ಸುತ್ತು ದಾರ ಹಾಕಿಕೊಂಡು ಹೆಣೆಯುವ ಎತ್ತರದ ಸ್ಟಿಚ್) ಹಾಕಿ ಮುಚ್ಚಿ. ಪ್ರತಿ ಸುತ್ತಿನ ಆರಂಭದಲ್ಲಿ ಬರುವ 2 ಚೈನನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸುತ್ತು ಮುಗಿದಾಗ ಸ್ಲಿಪ್ ಸ್ಟಿಚ್ಚನ್ನು (ಜೋಡಿಸುವ ಪುಟ್ಟ ಸ್ಟಿಚ್) ಮೊದಲ ಡಬಲ್ ಕ್ರೋಶಾದ ತಲೆಗೆ ಸೇರಿಸಿ. ಎರಡನೇ ಸುತ್ತಿನಲ್ಲಿ ಪ್ರತಿ ಸ್ಟಿಚ್ಚಿಗೂ ಎರಡೆರಡು ಹಾಕಿದರೆ 24. ಮೂರನೆಯದರಲ್ಲಿ ಒಂದಕ್ಕೆ ಒಂದು, ಮುಂದಿನದಕ್ಕೆ ಎರಡು, ಆಗ 36. ಹೀಗೆ ಸುತ್ತಿಗೆ 12ರಂತೆ ಏರಿಸುತ್ತಾ 48, 60, 72. ಆರನೇ ಸುತ್ತು ಮುಗಿದಾಗ ನೆತ್ತಿಯ ತಟ್ಟೆ ನೆಲದ ಮೇಲೆ ಚಪ್ಪಟೆಯಾಗಿ ಕೂತು, ಅಡ್ಡಳತೆ ಸುಮಾರು 16 ಸೆಂ.ಮೀ. ಇರಬೇಕು. ಬೇಕಾದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಸಿಗುವ ಅಂಕಿ ಅದು.

ಇನ್ನು ಏರಿಕೆ ಬೇಡ. ಮೂರು ಫ್ರಂಟ್ ಪೋಸ್ಟ್, ಮೂರು ಬ್ಯಾಕ್ ಪೋಸ್ಟ್ ಎಂದು ಸುತ್ತಲೂ ಹೆಣೆಯಿರಿ. ಹೀಗೇ ಮೂರು ಸುತ್ತು. ಮುಂದಿನ ಮೂರು ಸುತ್ತಿನಲ್ಲಿ ಉಬ್ಬಿನ ಮೇಲೆ ತಗ್ಗು, ತಗ್ಗಿನ ಮೇಲೆ ಉಬ್ಬು. ಒಟ್ಟು 12 ಸುತ್ತಾದಾಗ ನಾಲ್ಕು ಸಾಲು ಚೌಕಗಳಾಗುತ್ತವೆ. ಕೊನೆಗೆ 4.5 ಮಿ.ಮೀ. ಕಡ್ಡಿಗೆ ಬದಲಿಸಿ, ಒಂದು ಫ್ರಂಟ್ ಒಂದು ಬ್ಯಾಕ್ ಎಂದು ಮೂರು ಸುತ್ತು ಅಂಚು ಹಾಕಿ. ನೆತ್ತಿಯ ನಡುವಿನಿಂದ ಅಂಚಿನವರೆಗೆ 21–22 ಸೆಂ.ಮೀ. ಬಂದರೆ ಕಿವಿ ಮುಚ್ಚುತ್ತದೆ. ಅಂಚನ್ನು ಮಡಚಬೇಕಾದರೆ ಇನ್ನೂ ಆರು ಸುತ್ತು ಸೇರಿಸಿ. ಬೀಸುಗಾಳಿಯಲ್ಲಿ ಕಿವಿಯ ಮೇಲೆ ಎರಡು ಪದರ ಇರುವುದು ಒಳ್ಳೆಯದೇ. ಕಡ್ಡಿ ಬದಲಿಸದೆ ಅಂಚು ಹಾಕಿದರೆ ಕೆಲವೇ ದಿನಗಳಲ್ಲಿ ಅದು ಸಡಿಲವಾಗಿ ಟೋಪಿ ಹುಬ್ಬಿನ ಮೇಲೆ ಜಾರುತ್ತದೆ.

ಇನ್ನೊಂದು ವಿಷಯ. ಗುಡಿಸುವ ಹೆಣ್ಣುಮಕ್ಕಳಲ್ಲಿ ತುರುಬು ಕಟ್ಟುವವರು ಬಹಳ. ಮುಚ್ಚಿದ ಟೋಪಿ ತುರುಬಿನ ಮೇಲೆ ಕೂರದೆ ಹಿಂದಕ್ಕೆ ಏಳುತ್ತದೆ, ಕಿವಿ ಬಯಲಾಗುತ್ತದೆ. ತುರುಬು ನೆತ್ತಿಯ ಬಳಿ ಇದ್ದರೆ ಮ್ಯಾಜಿಕ್ ರಿಂಗಿನ ಬದಲು ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನ ಸುತ್ತ 24 ಡಬಲ್ ಕ್ರೋಶಾ ಹಾಕಿ ಆರಂಭಿಸಿ. ಅದನ್ನು ಎರಡನೇ ಸುತ್ತು ಎಂದು ಲೆಕ್ಕ ಹಿಡಿದು 36ಕ್ಕೆ ಮುಂದುವರಿಯಿರಿ. ತುರುಬು ಕತ್ತಿನ ಮೇಲಿದ್ದರೆ ಟೋಪಿಗಿಂತ ಕಿವಿಪಟ್ಟಿಯೇ ವಾಸಿ. 72 ಚೈನ್ ಹಾಕಿ, ತಿರುಚದಂತೆ ಉಂಗುರವಾಗಿ ಸೇರಿಸಿ, ಒಂದು ಸುತ್ತು ಸಾದಾ, ಒಂಬತ್ತು ಸುತ್ತು ಬುಟ್ಟಿ ಡಿಸೈನು. ಸುಮಾರು 10 ಸೆಂ.ಮೀ. ಅಗಲದ ಪಟ್ಟಿ ಆಗುತ್ತದೆ. ಸೆರಗನ್ನು ತಲೆಯ ಮೇಲೆ ಹೊದೆಯುವವರಿಗೂ ಇದೇ ಅನುಕೂಲ. ಯಾರಿಗೆ ಯಾವುದು ಬೇಕೆಂದು ಮೊದಲೇ ಕೇಳಿ. ಎಲ್ಲರಿಗೂ ಒಂದೇ ಅಳತೆಯ ಹತ್ತು ಟೋಪಿ ಹಂಚುವುದಕ್ಕಿಂತ ತಲೆಗೆ ಒಪ್ಪುವ ಐದು ಟೋಪಿ ಮೇಲು.

ಪ್ರಶ್ನೆ: ಫ್ರಂಟ್ ಪೋಸ್ಟ್, ಬ್ಯಾಕ್ ಪೋಸ್ಟ್ ಎಂದರೆ ಕಡ್ಡಿಯನ್ನು ಎಲ್ಲಿ ಹಾಕಬೇಕು? ರೋಮ ಎದ್ದ ಕಪ್ಪು ದಾರದಲ್ಲಿ ನಾನು ಹೆಣೆದದ್ದರಲ್ಲಿ ಉಬ್ಬೇ ಕಾಣುವುದಿಲ್ಲ. (ಚಿತ್ರದುರ್ಗದ ಓದುಗರು)

ಮಾಮೂಲಿಯಾಗಿ ಕಡ್ಡಿ ಚುಚ್ಚುವುದು ಸ್ಟಿಚ್ಚಿನ ತಲೆಯ ಮೇಲಿರುವ ಜಡೆಗೆ. ಪೋಸ್ಟ್ ಹೆಣಿಗೆಯಲ್ಲಿ ಆ ಜಡೆಯನ್ನು ಮುಟ್ಟುವುದಿಲ್ಲ, ಅದರ ಕೆಳಗಿನ ಕಂಬವನ್ನು ಬಳಸಿ ಹೋಗುತ್ತೇವೆ. ಫ್ರಂಟ್ ಪೋಸ್ಟಿಗೆ ಕಡ್ಡಿಗೊಂದು ಸುತ್ತು ದಾರ ಹಾಕಿಕೊಂಡು, ಮುಂಭಾಗದಿಂದ ಕಂಬದ ಬಲಕ್ಕೆ ಕಡ್ಡಿ ತೂರಿಸಿ, ಬೆನ್ನ ಹಿಂದೆ ಸಾಗಿಸಿ, ಎಡಬದಿಯಿಂದ ಮತ್ತೆ ಮುಂದಕ್ಕೆ ತನ್ನಿ. ಕಂಬ ಕಡ್ಡಿಯ ಮೇಲೆ ಅಡ್ಡಲಾಗಿ ಕೂತಿರುತ್ತದೆ. ಈಗ ದಾರ ಎಳೆದುಕೊಂಡು ಎಂದಿನಂತೆ ಎರಡೆರಡಾಗಿ ಬಿಡಿಸಿ. ಬ್ಯಾಕ್ ಪೋಸ್ಟಿಗೆ ಇದೆಲ್ಲ ಹಿಂಬದಿಯಿಂದ: ಬಲಕ್ಕೆ ಹಿಂದಿನಿಂದ ಮುಂದಕ್ಕೆ ಬಂದು, ಕಂಬದ ಎದುರು ಹಾದು, ಎಡಕ್ಕೆ ಹಿಂದಕ್ಕೆ ಹೋಗುವುದು. ಎಡಗೈಯಲ್ಲಿ ಹೆಣೆಯುವವರಿಗೆ ಬಲ ಎಡ ಬದಲಾಗುತ್ತದೆ.

ಉಬ್ಬು ಕಾಣದಿರುವುದಕ್ಕೆ ನಿಮ್ಮ ಪತ್ರದಲ್ಲಿಯೇ ಕಾರಣವಿದೆ. ನೀವು ಆರಿಸಿದ್ದು ಕಪ್ಪು ದಾರ, ಅದರಲ್ಲೂ ರೋಮ ಎದ್ದದ್ದು. ಉಬ್ಬು ತಗ್ಗು ಕಾಣುವುದು ನೆರಳಿನಿಂದ. ಕಪ್ಪಿನ ಮೇಲೆ ನೆರಳು ಬೀಳುವುದು ತಿಳಿಯುವುದೇ ಇಲ್ಲ, ರೋಮ ತಗ್ಗುಗಳನ್ನು ತುಂಬಿಬಿಡುತ್ತದೆ. ಬಣ್ಣ ಬಣ್ಣದ ಪಟ್ಟೆ ಬರುವ ದಾರವೂ ಹಾಗೆಯೇ, ಕಣ್ಣು ಬಣ್ಣದ ಹಿಂದೆ ಹೋಗುತ್ತದೆ. ಜೋಳದ ಬಣ್ಣ, ತಿಳಿ ಬೂದು, ಇಟ್ಟಿಗೆ ಕೆಂಪು, ಸಾಸಿವೆ ಹಳದಿಯಂಥ ಒಂದೇ ಬಣ್ಣದ, ಬಿಗಿಯಾಗಿ ಹುರಿಗೊಳಿಸಿದ ದಾರ ತೆಗೆದುಕೊಳ್ಳಿ. ಪೋಸ್ಟ್ ಹಾಕುವಾಗ ಮೊದಲ ಕುಣಿಕೆಯನ್ನು ಎಂದಿಗಿಂತ ಸ್ವಲ್ಪ ಎತ್ತರಕ್ಕೆ ಎಳೆಯಿರಿ. ಬಿಗಿಯಾಗಿ ಎಳೆದರೆ ಕಂಬ ಕುಳ್ಳಾಗಿ ಉಬ್ಬು ಅಡಗಿಹೋಗುತ್ತದೆ, ಟೋಪಿಯೂ ಗಿಡ್ಡವಾಗುತ್ತದೆ.

ಪ್ರಶ್ನೆ: ನೆತ್ತಿಯ ಭಾಗ ಒಮ್ಮೆ ನೆರಿಗೆ ಕಟ್ಟುತ್ತದೆ, ಇನ್ನೊಮ್ಮೆ ಬಟ್ಟಲಿನಂತೆ ಮೇಲೇಳುತ್ತದೆ. ಒಂದು ಪುಸ್ತಕ ನೋಡಿ, ಒಂದು ವಿಡಿಯೊ ನೋಡಿ ಹೆಣೆಯುತ್ತಿದ್ದೇನೆ. (ಹರಿಹರದ ಓದುಗರು)

ತೊಂದರೆ ನಿಮ್ಮ ಕೈಯದಲ್ಲ. ಬ್ರಿಟಿಷ್ ಪದ್ಧತಿಯ ಪುಸ್ತಕಗಳಲ್ಲಿ ಡಬಲ್ ಕ್ರೋಶಾ ಎಂದರೆ ಕಡ್ಡಿಗೆ ಮೊದಲೇ ದಾರ ಸುತ್ತದೆ ಹಾಕುವ ಗಿಡ್ಡ ಸ್ಟಿಚ್. ಅಮೆರಿಕನ್ ಪದ್ಧತಿಯ ವಿಡಿಯೊಗಳಲ್ಲಿ ಅದಕ್ಕೆ ಸಿಂಗಲ್ ಎನ್ನುತ್ತಾರೆ. ಅವರು ಡಬಲ್ ಎನ್ನುವುದು ಒಂದು ಸುತ್ತು ದಾರ ಹಾಕಿಕೊಂಡು ಹೆಣೆಯುವ ಎತ್ತರದ ಸ್ಟಿಚ್, ಬ್ರಿಟಿಷ್ ಪುಸ್ತಕದಲ್ಲಿ ಅದು ಟ್ರೆಬಲ್. ಈ ಅಂಕಣದಲ್ಲಿ ಡಬಲ್ ಎಂದಾಗಲೆಲ್ಲ ಎತ್ತರದ ಸ್ಟಿಚ್ಚೇ.

ತಟ್ಟೆ ಚಪ್ಪಟೆ ಬರಲು ಸುತ್ತಿಗೆ ಎಷ್ಟು ಏರಿಸಬೇಕೆನ್ನುವುದು ಸ್ಟಿಚ್ಚಿನ ಎತ್ತರದ ಮೇಲೆ ನಿಂತಿದೆ. ಎತ್ತರ, ಅಗಲ ಹೆಚ್ಚು ಕಡಿಮೆ ಸಮನಿರುವ ಗಿಡ್ಡ ಸ್ಟಿಚ್ಚಿಗೆ ಸುತ್ತಿಗೆ 6 ಸಾಕು. ಎತ್ತರ ಹತ್ತಿರ ಹತ್ತಿರ ಎರಡು ಪಟ್ಟಿರುವ ಡಬಲ್ಲಿಗೆ 12 ಬೇಕು. ಗಿಡ್ಡ ಸ್ಟಿಚ್ಚಿನಲ್ಲಿ 12 ಏರಿಸಿದ್ದಕ್ಕೆ ನೆರಿಗೆ ಬಂತು, ಎತ್ತರದ ಸ್ಟಿಚ್ಚಿನಲ್ಲಿ 6 ಏರಿಸಿದ್ದಕ್ಕೆ ಬಟ್ಟಲಾಯಿತು. ಸ್ಟಿಚ್, ಲೆಕ್ಕ ಎರಡೂ ಸರಿಯಿದ್ದು ಬಟ್ಟಲಾದರೆ ಕೈ ಬಿಗಿ ಎಂದರ್ಥ, ಅರ್ಧ ಮಿ.ಮೀ. ದೊಡ್ಡ ಕಡ್ಡಿ ಹಿಡಿಯಿರಿ. ಸಣ್ಣ ನೆರಿಗೆ ಬಂದರೆ ನಾಲ್ಕನೇ ಸುತ್ತಿನ ನಂತರ ಏರಿಕೆಯಿಲ್ಲದ ಒಂದು ಸುತ್ತು ಹಾಕಿ ನೋಡಿ.

ಸುತ್ತಿನ ಕೊನೆಯಲ್ಲಿ ಒಂದೆರಡು ಸ್ಟಿಚ್ ಹೆಚ್ಚಾಗುತ್ತಿದ್ದರೆ ನೀವು ಸ್ಲಿಪ್ ಸ್ಟಿಚ್ಚಿನ ಮೇಲೂ ಹೆಣೆಯುತ್ತಿದ್ದೀರಿ. ಮೊದಲ ಕಂಬದ ತಲೆಗೆ ಸೇಫ್ಟಿ ಪಿನ್ ಸಿಕ್ಕಿಸಿಟ್ಟರೆ ಸೇರಿಸುವ ಜಾಗ ತಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಕುರಿ ಉಣ್ಣೆಗೆ ಬರವಿಲ್ಲ. ಕಂಬಳಿಗೆ ನೂತ ಉಣ್ಣೆಯಲ್ಲೇ ಟೋಪಿ ಹೆಣೆಯಬಹುದೇ? (ಚಳ್ಳಕೆರೆ ತಾಲ್ಲೂಕಿನ ಓದುಗರು)

ಹೆಣೆಯಬಹುದು, ಆದರೆ ಬರಿ ತಲೆಗೆ ಹಾಕುವಂತಿಲ್ಲ. ದಖನಿ ಕುರಿಯ ಉಣ್ಣೆ ಒರಟು, ಕೂದಲು ಬೆರೆತದ್ದು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ಚುಚ್ಚತೊಡಗುತ್ತದೆ, ಕಂಬಳಿಯ ಉಣ್ಣೆ ಅದಕ್ಕಿಂತ ದಪ್ಪ. ಆದರೆ ಗಾಳಿ ತಡೆಯುವುದರಲ್ಲಿ, ತುಂತುರು ಮಳೆ ಇಬ್ಬನಿಯಲ್ಲೂ ಬೆಚ್ಚಗಿಡುವುದರಲ್ಲಿ ಅಕ್ರಿಲಿಕ್ ಇದರ ಮುಂದೆ ನಿಲ್ಲುವುದಿಲ್ಲ. ಬೆಂಕಿಯ ವಿಷಯದಲ್ಲೂ ಅಷ್ಟೆ. ಕಿಡಿ ಬಿದ್ದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ, ಉಣ್ಣೆ ಕಮರಿ ಆರುತ್ತದೆ. ಹೊಲ ಕಾಯುವವರು, ಕುರಿ ಕಾಯುವವರು ಚಳಿಗೆ ಬೆಂಕಿ ಕಾಯಿಸುತ್ತಾ ಕೂರುತ್ತಾರಲ್ಲ, ಅವರಿಗೆ ಕೊಡುವುದಾದರೆ ಉಣ್ಣೆಯೇ ಆಗಬೇಕು.

ಮಗ್ಗಕ್ಕೆ ಹೂಡುವ ನೂಲಿಗೆ ಹುಣಸೆ ಬೀಜದ ಸರಿ (ಅಂಟು ಗಂಜಿ) ಹಚ್ಚಿರುತ್ತಾರೆ, ಅದು ಕಡ್ಡಿಗೆ ಬಗ್ಗುವುದಿಲ್ಲ. ಸರಿ ಹಚ್ಚದ ನೂಲನ್ನೇ ಕೇಳಿ ತನ್ನಿ. ಕೈನೂಲು ಒಂದೆಡೆ ದಪ್ಪ ಒಂದೆಡೆ ತೆಳು ಇರುವುದರಿಂದ ಸಣ್ಣ ಚೌಕದ ಡಿಸೈನು ಎದ್ದು ಕಾಣುವುದಿಲ್ಲ. 6 ಅಥವಾ 6.5 ಮಿ.ಮೀ. ಕಡ್ಡಿಯಲ್ಲಿ ಎರಡು ಫ್ರಂಟ್ ಎರಡು ಬ್ಯಾಕ್ ಎಂದು ಉದ್ದುದ್ದ ಪಟ್ಟೆ ಸಾಕು. ತಲೆಗಿಂತ ಕಡಿಮೆ ಅಳತೆ ಬೇಡ, ತಲೆಯಷ್ಟೇ ಇರಲಿ, ಯಾಕೆಂದರೆ ಒಳಗೆ ಅಸ್ತರಿ ಬರಬೇಕು. ಹಳೆಯ ಬನಿಯನ್ನಿನ ಮೆತ್ತನೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಅದನ್ನೇ ಅಸ್ತರಿಗೆ ಹಾಕಿ, ಅಂಚಿಗೆ ಸಡಿಲ ಹೊಲಿಗೆ ಹಾಕಿ. ತಣ್ಣೀರಲ್ಲಿ ಉಜ್ಜದೆ ಒಗೆಯಬೇಕೆಂದು ಚೀಟಿಯಲ್ಲಿ ಬರೆದು ಕೊಡಿ.

ಪ್ರಶ್ನೆ: ಆಸ್ಪತ್ರೆಯ ಹಸುಗೂಸುಗಳಿಗೆ ಕುಲಾವಿ ಹೆಣೆದು ಕೊಡುವ ಆಸೆ. ಅಳತೆ ಹೇಗೆ? ಉಬ್ಬು ಡಿಸೈನು ಹಾಕಬಹುದೇ? (ನಿಟುವಳ್ಳಿ, ದಾವಣಗೆರೆಯ ಓದುಗರು)

ದಿನ ತುಂಬಿ ಹುಟ್ಟಿದ ಮಗುವಿನ ತಲೆ 33–36 ಸೆಂ.ಮೀ., ಮುಂಚೆ ಹುಟ್ಟಿದ್ದರ ತಲೆ 25–32 ಸೆಂ.ಮೀ. ಇರಬಹುದು. ಮೆತ್ತನೆಯ ಬೇಬಿ ಉಲ್ಲನ್ನಿನ ಒಂದೇ ಎಳೆ, 3.5 ಅಥವಾ 4 ಮಿ.ಮೀ. ಕಡ್ಡಿ. 10 ಸೆಂ.ಮೀ.ಗೆ 18 ಸ್ಟಿಚ್ ಬರುವ ಕೈಯಾದರೆ ದಿನ ತುಂಬಿದ ಮಗುವಿಗೆ 60 ಸ್ಟಿಚ್, ಎತ್ತರ 13–14 ಸೆಂ.ಮೀ. ಪುಟ್ಟ ಮಗುವಿಗೆ 48 ಸ್ಟಿಚ್, ಎತ್ತರ 10–11. ಒಂದಕ್ಕೆ 25 ಗ್ರಾಂ ದಾರವಿದ್ದರೆ ಸಾಕು.

ಉಬ್ಬನ್ನು ಅಂಚಿನ ನಾಲ್ಕೈದು ಸುತ್ತಿಗೆ ಮಾತ್ರ ಇಡಿ. ಅಲ್ಲಿ ಅದು ಹಿಗ್ಗಿ ಕುಗ್ಗುವುದಕ್ಕೆ ಬೇಕು. ಮಗು ಸದಾ ಮಲಗಿರುವುದರಿಂದ ತಲೆಯ ಹಿಂಭಾಗದ ಗಂಟು, ಗುಬಟುಗಳು ಎಳೆ ನೆತ್ತಿಗೆ ಒತ್ತುತ್ತವೆ. ಪಾಮ್‌ಪಾಮ್, ಮಣಿ, ಗುಂಡಿ ಬೇಡವೇ ಬೇಡ, ಕಿತ್ತು ಬಾಯಿಗೆ ಹೋಗುತ್ತವೆ. ಕುಂಚಿಗೆಗೆ ಇರುವಂತೆ ಗದ್ದದ ಕೆಳಗೆ ಕಟ್ಟುವ ದಾರವೂ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಜಾಲರಿಯಂತೆ ತೂತಿರುವ ಹೆಣಿಗೆಯಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ರೋಮ ಉದುರುವ ದಾರ ಮೂಗು ಬಾಯಿಗೆ ಹೋಗುತ್ತದೆ.

ಹುಟ್ಟಿದ ಮಗುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಕಳೆದುಕೊಳ್ಳುವುದೂ ಅಲ್ಲಿಂದ ಹೆಚ್ಚು. ಅದಕ್ಕೇ 2.5 ಕಿಲೊಗಿಂತ ಕಡಿಮೆ ತೂಕದ ಮಕ್ಕಳನ್ನು ತಾಯಿಯ ಎದೆಗಪ್ಪಿಸಿ ಇಡುವ ಕಾಂಗರೂ ಆರೈಕೆಯಲ್ಲಿ ಟೋಪಿಯೂ ಇರುತ್ತದೆ. ಮನೆಗೆ ಬಂದ, ಆರೋಗ್ಯವಾಗಿರುವ ಮಗು ಒಳಗೆ ಮಲಗಿರುವಾಗ ಟೋಪಿ ತೆಗೆಯುವುದೇ ಕ್ಷೇಮ. ಮೈ ಅತಿಯಾಗಿ ಬಿಸಿಯಾಗುವ, ಟೋಪಿ ಮುಖದ ಮೇಲೆ ಜಾರುವ ಅಪಾಯವಿದೆ. ಕಡಿಮೆ ತೂಕದ ಮಗುವಿಗೆ ವೈದ್ಯರು ಹೇಳಿದಂತೆ.

ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಬಾಪೂಜಿ ಆಸ್ಪತ್ರೆಯಾಗಲಿ, ಹೆಣೆಯುವ ಮೊದಲೇ ಹೋಗಿ ಮಕ್ಕಳ ವಾರ್ಡಿನ ಸಿಸ್ಟರನ್ನು ಕೇಳಿ: ಹೊರಗಿನಿಂದ ತಂದದ್ದು ತೆಗೆದುಕೊಳ್ಳುತ್ತೀರಾ, ಯಾವ ಅಳತೆ ಸಾಲದಾಗಿದೆ, ಯಾವ ದಾರ ಆಗಬಹುದು. ಕೊಡುವಾಗ ಒಗೆದು ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿಟ್ಟು, ಸುತ್ತಳತೆಯನ್ನು ಮೇಲೆ ಬರೆಯಿರಿ.

ಪ್ರಶ್ನೆ: ಕೀಮೋ ಚಿಕಿತ್ಸೆಯಲ್ಲಿ ಕೂದಲು ಉದುರಿದ ನಮ್ಮ ಅತ್ತಿಗೆಗೆ ಯಾವ ದಾರ? (ಹೊಳಲ್ಕೆರೆಯ ಓದುಗರು)

ಕೂದಲಿಲ್ಲದ ನೆತ್ತಿಗೆ ಸಣ್ಣ ಗಂಟೂ ನೋವು ಕೊಡುತ್ತದೆ. ಮೆತ್ತನೆಯ ಹತ್ತಿ ದಾರ, ಇಲ್ಲವೇ ಹತ್ತಿ ಅಕ್ರಿಲಿಕ್ ಬೆರೆತ ದಾರ ತೆಗೆದುಕೊಳ್ಳಿ. ಬರಿ ಹತ್ತಿಗೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಕಡಿಮೆ, ತೂಕವೂ ಹೆಚ್ಚು, ಅದಕ್ಕೇ ಬೆರೆತದ್ದು ಮೇಲು. ಕೊಳ್ಳುವಾಗ ಉಂಡೆಯನ್ನು ಕತ್ತಿನ ಪಕ್ಕಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ, ಅಲ್ಲಿ ಚುಚ್ಚಿದರೆ ನೆತ್ತಿಗೂ ಚುಚ್ಚುತ್ತದೆ. ಕೂದಲಿನ ದಪ್ಪ ಇಲ್ಲವಾಗಿರುವುದರಿಂದ ಹಿಂದಿನ ಅಳತೆ ನಂಬಬೇಡಿ, ಈಗ ಮತ್ತೆ ಟೇಪು ಹಿಡಿಯಿರಿ. ಬುಟ್ಟಿ ಡಿಸೈನಿನ ಒಳಮೈಯಲ್ಲೂ ಉಬ್ಬು ಬರುತ್ತದೆ, ಅವರಿಗೆ ಅದು ಬೇಡ. ಬ್ಯಾಕ್ ಪೋಸ್ಟಿನ ಒಂದು ಸುತ್ತಿಗೆ ಎರಡು ಸಾದಾ ಸುತ್ತು ಹಾಕಿದರೆ ಹೊರಗೆ ತೆಳುವಾಗಿ ಬಳೆಯಂಥ ಗೆರೆ ಕಾಣುತ್ತದೆ, ಒಳಗೆ ಹೆಚ್ಚು ಕಡಿಮೆ ಮಟ್ಟಸ. ದಾರದ ತುದಿಗಳನ್ನು ಹೊರಬದಿಯಲ್ಲೇ, ಉಬ್ಬಿನ ಅಡಿಗೆ ಹೊಲಿದು ಅಡಗಿಸಿ.

ಪ್ರಶ್ನೆ: ನಮ್ಮ ಹುಡುಗ ಬೆಳಗಿನ ಜಾವ ಬೈಕಿನಲ್ಲಿ ಹಾಲು ಹಾಕಲು ಹೋಗುತ್ತಾನೆ. ಹೆಲ್ಮೆಟ್ ಒಳಗೆ ಈ ಟೋಪಿ ಹಾಕಬಹುದೇ? (ಜಗಳೂರಿನ ಓದುಗರು)

ಬೇಡ. ದಪ್ಪ ಟೋಪಿ ಹೆಲ್ಮೆಟ್ಟನ್ನು ಮೇಲಕ್ಕೆತ್ತುತ್ತದೆ, ಪಟ್ಟಿ ಸರಿಯಾಗಿ ಬಿಗಿಯುವುದಿಲ್ಲ, ಬಿದ್ದಾಗ ಹೆಲ್ಮೆಟ್ ಜಾರುತ್ತದೆ. ಅವನಿಗೆ ಕುತ್ತಿಗೆಗೆ ಹಾಕುವ ಉಲ್ಲನ್ ಪಟ್ಟಿ ಹೆಣೆದುಕೊಡಿ.

ಪ್ರಶ್ನೆ: ಹೆಣೆದ ಟೋಪಿಗೆ ಇಸ್ತ್ರಿ ಮಾಡಿದೆ, ಉಬ್ಬೆಲ್ಲ ಅಪ್ಪಚ್ಚಿಯಾಯಿತು. ಮತ್ತೆ ಸರಿಮಾಡಬಹುದೇ? ನೆತ್ತಿಯ ನಡುವೆ ತೂತೂ ಬಿಟ್ಟುಕೊಂಡಿದೆ. (ಹೊನ್ನಾಳಿಯ ಓದುಗರು)

ಅಕ್ರಿಲಿಕ್ ಬಿಸಿಗೆ ಮೆದುವಾಗಿ ಚಪ್ಪಟೆಯಾದ ಮೇಲೆ ಮತ್ತೆ ಏಳುವುದಿಲ್ಲ. ದಾರವನ್ನು ಬಿಚ್ಚಿದರೂ ಜೀವ ಇರುವುದಿಲ್ಲ. ಆ ಟೋಪಿ ಜೋಲು ಬಿದ್ದಂತೆ ಮೆತ್ತಗಿರುತ್ತದೆ, ಮನೆಯಲ್ಲಿ ಬಳಸಿಕೊಳ್ಳಿ. ಇನ್ನು ಮುಂದೆ ಇಸ್ತ್ರಿ, ಹಬೆ ಎರಡೂ ಬೇಡ. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಶ್ಯಾಂಪೂ ಹಾಕಿ ಹತ್ತು ನಿಮಿಷ ನೆನೆಸಿ, ಹಿಂಡದೆ, ಟವಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ತಲೆಯಳತೆಯ ಬಲೂನು ಅಥವಾ ಬೋರಲು ಹಾಕಿದ ಡಬ್ಬಿಯ ಮೇಲೆ ನೆರಳಿನಲ್ಲಿ ಒಣಗಿಸಿ. ಒದ್ದೆ ಟೋಪಿಯನ್ನು ಹಗ್ಗಕ್ಕೆ ನೇತುಹಾಕಿದರೆ ಉಬ್ಬುಗಳಲ್ಲಿ ನಿಂತ ನೀರಿನ ಭಾರಕ್ಕೆ ಉದ್ದಕ್ಕೆ ಜೋತುಬೀಳುತ್ತದೆ.

ತೂತು ಬಿದ್ದದ್ದು ಮ್ಯಾಜಿಕ್ ರಿಂಗಿನ ದಾರದ ತುದಿಯನ್ನು ಗಿಡ್ಡ ಕತ್ತರಿಸಿದ್ದರಿಂದ. ತುದಿ 15 ಸೆಂ.ಮೀ. ಇರಬೇಕು. ದೊಡ್ಡ ಕಣ್ಣಿನ ಮೊಂಡು ಸೂಜಿಗೆ ಪೋಣಿಸಿ, 12 ಕಂಬಗಳ ಬುಡದಲ್ಲಿ ಒಂದು ಸುತ್ತು ಪೂರ್ತಿ ಹೊಲಿದು ಎಳೆಯಿರಿ, ಅದೇ ದಾರಿಯಲ್ಲಿ ಎರಡನೇ ಸುತ್ತು ಹೋಗಿ, ಕೊನೆಗೆ ದಿಕ್ಕು ಬದಲಿಸಿ ನಾಲ್ಕೈದು ಕಂಬ ಹಿಂದಕ್ಕೆ ಬನ್ನಿ. ಒಂದೇ ದಿಕ್ಕಿಗೆ ಹೊಲಿದದ್ದು ಒಗೆತಕ್ಕೆ ಬಿಚ್ಚುತ್ತದೆ. ಈಗಾಗಲೇ ಬಿಟ್ಟುಕೊಂಡಿರುವುದಕ್ಕೆ ಅದೇ ಬಣ್ಣದ ಹೊಸ ದಾರ ತೆಗೆದುಕೊಂಡು ಹೀಗೇ ಹೊಲಿಯಿರಿ, ಎರಡು ತುದಿಗಳನ್ನೂ ಒಳಗಡೆ ಬೇರೆ ಬೇರೆ ದಿಕ್ಕಿಗೆ ಅಡಗಿಸಿ.